ಗಂಟಕ್ಕನ ಬಲಗೈ

ನನ್ನ ಬಾಯಿ ಜೋರು. ಆಸ್ಪತ್ರೆಯ ಈ ಲಾಂಡ್ರಿಗೆ ಸೇರುವ ಮೊದಲು ಎಲ್ಲಿ ಕೆಲಸಕ್ಕೆ ಸೇರಿದರೂ ಜಗಳವಾಡಿಯೇ ಬಿಟ್ಟವಳು ನಾನು. ಕುರ್ಚಿಯಲ್ಲಿ ಕೂತು ಬೆರಳು ತೋರಿಸುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಅದಕ್ಕೇ ಇಲ್ಲಿಗೆ ಬಂದ ಮೊದಲ ದಿನವೂ “ಇನ್‌ಚಾರ್ಜ್ ಎಲ್ಲಿದ್ದಾರೆ?” ಎಂದು ಸ್ವಲ್ಪ ಗತ್ತಿನಲ್ಲೇ ಕೇಳಿದೆ. ಬಾಗಿಲ ಬಳಿ ಬಕೆಟ್ ಬೋರಲು ಹಾಕಿಕೊಂಡು ಕೂತು ಹೊಲಸು ಬೆಡ್‌ಶೀಟಿನ ಗಂಟು ಬಿಚ್ಚುತ್ತಿದ್ದ ಹೆಂಗಸು ತಲೆಯೆತ್ತಿ, “ನಾನೇ ಕಣಮ್ಮಾ. ತಿಂಡಿ ಆಯ್ತಾ?” ಎಂದರು. ನನ್ನ ಗತ್ತೆಲ್ಲ ಅಲ್ಲೇ ಠುಸ್ಸಾಯಿತು.

ಎಲ್ಲರೂ ಅವರನ್ನು ಗಂಟಕ್ಕ ಎನ್ನುತ್ತಿದ್ದರು. ಬೆಳಗಾದರೆ ವಾರ್ಡುಗಳಿಂದ ಟ್ರಾಲಿಯಲ್ಲಿ ಗಂಟುಗಳು ಇಳಿಯುತ್ತವೆ. ಬೆಡ್‌ಶೀಟು, ದಿಂಬಿನ ಕವರು, ಗೌನು. ಅವುಗಳ ಮೇಲೆ ರಕ್ತ, ವಾಂತಿ, ಇನ್ನೂ ಏನೇನೋ. ಗಲೀಜು ಹೋಗಲಿ ಅನ್ನಬಹುದು, ಸೂಜಿಯ ಭಯ ಮಾತ್ರ ಹೋಗುವುದಿಲ್ಲ. ಅವಸರದಲ್ಲಿ ಯಾರದೋ ಕೈ ತಪ್ಪಿ ಇಂಜೆಕ್ಷನ್ ಸೂಜಿ ಬಟ್ಟೆಯ ಜೊತೆ ಸೇರಿ ಬಂದಿರುತ್ತದೆ. ಮಡಿಕೆಯೊಳಗೆ ಸಿಕ್ಕಿಕೊಂಡದ್ದನ್ನು ಬೆರಳೇ ಹುಡುಕಬೇಕು, ದಪ್ಪ ಗ್ಲೌಸು ಹಾಕಿಕೊಂಡೇ ಆದರೂ. ಆ ಬೆರಳು ಯಾವತ್ತೂ ಗಂಟಕ್ಕನದೇ. ಅವರು ಬಿಚ್ಚಿ, ನೋಡಿ, ಆ ಕಡೆ ಇಟ್ಟ ಮೇಲೆಯೇ ಉಳಿದವರು ಮುಟ್ಟಬೇಕು.

ಇನ್‌ಚಾರ್ಜಿಗೆಂದು ಫ್ಯಾನು, ಕುರ್ಚಿ ಇದ್ದ ಒಂದು ಗಾಜಿನ ಕೋಣೆ ಇತ್ತು. ಅಲ್ಲಿ ಬಟ್ಟೆ ಮಡಿಸುವವಳು ಕೂಸಿಗೆ ಹಾಲು ಕುಡಿಸುತ್ತಿದ್ದಳು. ಮಧ್ಯಾಹ್ನ ಊಟವಾದ ಮೇಲೆ ಇಸ್ತ್ರಿ ಮಾವ ಗೊರಕೆ ಹೊಡೆಯುತ್ತಿದ್ದರು.

“ಅಕ್ಕಾ, ನಿಮ್ಮ ಕುರ್ಚೀಲಿ ನಿಮಗೇ ಒಂದು ಸೀಟು ಹಿಡಿದಿಡ್ಲಾ?” ಎಂದು ಕಾಲೆಳೆಯುತ್ತಿದ್ದೆ.

“ಹೋಗೇ ಮೆಣಸಿನಕಾಯಿ, ಅಲ್ಲಿ ಕೂತ್ರೆ ನನಗೆ ನಿದ್ದೆ ಬರುತ್ತೆ.”

ಬಂದ ಹೊಸದರಲ್ಲಿ ಒಂದು ಶೀಟನ್ನು ಮುದ್ದೆ ಮಾಡಿ ಮಷಿನ್ನಿನ ಕಡೆ ಎಸೆದಿದ್ದೆ. ಗಂಟಕ್ಕ ಬೈಯಲಿಲ್ಲ. ಎತ್ತಿಕೊಂಡರು, ಕಲೆ ಒಳಗೆ ಹೋಗುವ ಹಾಗೆ ನಾಲ್ಕು ಮೂಲೆ ಮಡಚಿ ಇಟ್ಟರು. “ಎಸೆಯೋವಾಗ ಮಷಿನ್ನಿಗೆ ಹೋಗುತ್ತೆ ಅನ್ಕೋತೀವಿ. ಮಧ್ಯ ಒಂದು ಕೈ ಇರುತ್ತೆ ಕಣೇ,” ಎಂದರು. ಅಷ್ಟೇ ಮಾತು. ಅದು ತಲೆಯಲ್ಲಿ ಹೇಗೆ ಕೂತುಬಿಟ್ಟಿತೆಂದರೆ, ಮನೆಯಲ್ಲಿ ಲೋಟ ಒಡೆದರೆ ಚೂರುಗಳನ್ನು ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ಕಸದವನ ಕೈಗೇ ಹೇಳಿ ಕೊಡತೊಡಗಿದೆ. “ನಿನಗೇನಾಯ್ತೇ?” ಎಂದು ನನ್ನ ಗಂಡ ಕಣ್ಣು ಕಣ್ಣು ಬಿಟ್ಟರು.

ಹೋದ ವರ್ಷ ಇದ್ದಕ್ಕಿದ್ದಂತೆ ಗಂಟಕ್ಕನ ಜಡೆ ಬಹಳ ಚೆಂದವಾಯಿತು. ಮೊದಲೆಲ್ಲ ಹೇಗೋ ಸುತ್ತಿಕೊಂಡು ಬರುತ್ತಿದ್ದವರು, ಈಗ ಬಿಗಿಯಾಗಿ, ನೆಟ್ಟಗೆ, ಒಂದು ಎಳೆಯೂ ಆಚೀಚೆ ಹೋಗದ ಹಾಗೆ ಹೆಣೆದುಕೊಂಡು ಬರತೊಡಗಿದರು. “ಏನಕ್ಕಾ, ಈ ವಯಸ್ಸಲ್ಲಿ ಶೋಕಿ?” ಎಂದು ನಾವೆಲ್ಲ ಚುಡಾಯಿಸಿದೆವು. ನಾಚಿಕೊಂಡು ನಕ್ಕರು.

ಅವರ ಗಂಡ ದರ್ಜಿ. ರವಿಕೆ ಸಡಿಲ ಮಾಡಿಸಲು ಅಂಗಡಿಗೆ ಹೋದಾಗ ಭಾವನ ಮುಂದೆಯೂ ಜಡೆಯ ವಿಷಯ ಎತ್ತಿದೆ. ಅವರು ನಗಲಿಲ್ಲ.

“ಜಡೆ ಹೆಣೆಯೋದು ನಾನಮ್ಮಾ. ರವಿಕೆ ಹುಕ್ಕೂ ನಾನೇ ಹಾಕೋದು. ಅವಳ ಬಲಗೈ ಬೆರಳು ಮರಗಟ್ಟಿಹೋಗಿದೆ, ಏನು ಮುಟ್ಟಿದ್ರೂ ಗೊತ್ತಾಗಲ್ಲ. ಮಣಿಕಟ್ಟಲ್ಲಿ ನರ ಒತ್ತಿದೆಯಂತೆ. ಬೇಗ ಆಪರೇಷನ್ ಮಾಡಿಸ್ದೇ ಇದ್ರೆ ಕೈ ಹೋದ ಹಾಗೇ ಅಂದಿದ್ದಾರೆ ಡಾಕ್ಟ್ರು. ಹೋಗೇ ಅಂದ್ರೆ, ಗಂಟು ಯಾರು ಬಿಚ್ತಾರೆ ಅಂತಾಳೆ. ನೀವಾದ್ರೂ ಸ್ವಲ್ಪ ಹೇಳಿ.”

ಸೂಜಿ ಹುಡುಕುವ ಬೆರಳಿಗೇ ಸ್ಪರ್ಶವಿಲ್ಲವೆಂದರೆ!

ಮಾರನೆಯ ಬೆಳಗ್ಗೆ ಗಂಟಕ್ಕ ಬರುವ ಮೊದಲೇ ಹೋಗಿ ಅವರ ಬಕೆಟ್ ಮೇಲೆ ಕೂತು, ಗ್ಲೌಸು ಏರಿಸಿ, ಮೊದಲ ಗಂಟನ್ನು ತೊಡೆಯ ಹತ್ತಿರ ಎಳೆದುಕೊಂಡೆ. ಎಳೆದುಕೊಂಡದ್ದೇ ಬಂತು. ಎಲ್ಲಿ ಕೈ ಇಡಬೇಕು, ಎಲ್ಲಿ ಇಡಬಾರದು, ಒಂದೂ ಗೊತ್ತಿಲ್ಲ. ಸುತ್ತ ನಿಂತಿದ್ದವರ ಮುಖ ನೋಡಿದೆ. ಅವರಿಗೂ ಗೊತ್ತಿಲ್ಲ. ಇಷ್ಟು ವರ್ಷ ಲಾಂಡ್ರಿಯಲ್ಲಿ ದುಡಿದು ಒಂದು ಗಂಟು ಬಿಚ್ಚಲು ಬಾರದ ಪುಣ್ಯಾತ್ಮರು ನಾವು!

ಅಷ್ಟರಲ್ಲಿ ಗಂಟಕ್ಕ ಬಂದರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು. “ಏಳೇ ಮೇಲೆ! ಅದನ್ನ ಮುಟ್ಟು ಅಂತ ಯಾರು ಹೇಳಿದ್ರು ನಿನಗೆ?” ಎಂದು ಗ್ಲೌಸು ಹಾಕಿಕೊಂಡು, ಗಂಟು ಕಸಿದುಕೊಂಡು, ಎಂದಿನಂತೆ ಕೈ ಒಳಗೆ ಹಾಕಿದರು. ಬೈಯುತ್ತಲೇ ಶೀಟು ಹೊರಗೆಳೆದರು. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ತೋರುಬೆರಳಿಗೆ ಒಂದು ಸೂಜಿ ನೆಟ್ಟು ನಿಂತಿತ್ತು. ಅವರು ಮಾತ್ರ ನನ್ನ ಮುಖ ನೋಡಿಕೊಂಡು ಬೈಯುತ್ತಲೇ ಇದ್ದರು.

“ಅಕ್ಕಾ, ಬೆರಳು!” ಎಂದು ಕಿರುಚಿದೆ.

ಬಗ್ಗಿ ನೋಡಿಕೊಂಡರು. ಮುಖದ ಬಣ್ಣ ಇಳಿಯಿತು. ಆದರೂ ಬಾಯಿಗೆ ಬಂದ ಮಾತು ನೋಡಿ: “ನಿನ್ನ ಬಿಟ್ಟಿದ್ರೆ ಇದು ನಿನಗೆ ಚುಚ್ತಿತ್ತಲ್ಲೇ.”

ಸಿಟ್ಟು ಬಂದರೆ ನನಗೆ ಮರ್ಯಾದೆ ಮರೆತುಹೋಗುತ್ತದೆ. “ನನಗೆ ಚುಚ್ಚಿದ್ರೆ ಗೊತ್ತಾದ್ರೂ ಆಗ್ತಿತ್ತು! ನಿನಗೇನಾದ್ರೂ ಬುದ್ಧಿ ಇದೆಯಾ? ಎಲ್ಲಾ ನೀನೇ ಮಾಡಿ ಮಾಡಿ ನಮ್ಮನ್ನ ಕೈಲಾಗದವರನ್ನಾಗಿ ಮಾಡಿಟ್ಟಿದ್ದೀಯ. ನಿನ್ನ ಕೈ ಹೋದ ಮೇಲೆ ನಾವೇನು ಮಾಡೋದು?” ಎಂದು ಕೂಗಾಡುತ್ತ ಅತ್ತುಬಿಟ್ಟೆ. ಸೂಜಿ ಕಿತ್ತು, ಗಂಟಕ್ಕನ ಕೈ ತೊಳೆಸಿ, ಮಹಡಿಯ ಮೇಲೆ ಡಾಕ್ಟರ ಹತ್ತಿರ ಎಳೆದೊಯ್ದೆ. ರಕ್ತ ಪರೀಕ್ಷೆಗಳಲ್ಲಿ, ಸದ್ಯ, ಏನೂ ಬರಲಿಲ್ಲ.

ಅಂದಿನಿಂದ ಅವರು ಬಕೆಟ್ ನನಗೆ ಬಿಟ್ಟು, ಪಕ್ಕದಲ್ಲಿ ನಿಂತು ಕಲಿಸಿದರು. “ಹಿಂಡಬೇಡ, ಹಿಂಡಬೇಡ. ಮೊದಲು ಮೂಲೆ ಬಿಡಿಸು. ಬೆಳಕಿಗೆ ಹಿಡಿ. ಕಣ್ಣು ನೋಡಿದ ಜಾಗಕ್ಕೆ ಮಾತ್ರ ಬೆರಳು ಹೋಗ್ಬೇಕು.” ನನ್ನೊಬ್ಬಳಿಗೇ ಬೇಡ, ಎಲ್ಲರಿಗೂ ಕಲಿಸಿ ಎಂದು ಹಟ ಹಿಡಿದೆ. ಅವರ ದಾರಿಯಲ್ಲಿ ನಾನು ಬದಲಿಸಿದ್ದು ಅದೊಂದನ್ನೇ. ಇಸ್ತ್ರಿ ಮಾವನೂ ಗೊಣಗುತ್ತ ಕಲಿತರು. ಎಲ್ಲರ ಕೈ ಕುದುರಿದ ಮೇಲೆಯೇ ಗಂಟಕ್ಕ ಆಪರೇಷನ್ನಿಗೆ ಒಪ್ಪಿದ್ದು.

ಸಕ್ಕರೆ ಕಾಯಿಲೆ ಇದ್ದುದರಿಂದ ಅವರನ್ನು ಕೆಲವು ದಿನ ವಾರ್ಡಿನಲ್ಲೇ ಉಳಿಸಿಕೊಂಡರು. ಇನ್‌ಚಾರ್ಜ್ ಕೆಲಸ ನನ್ನ ತಲೆಗೆ ಬಂತು. ಗಾಜಿನ ಕೋಣೆಯ ಫ್ಯಾನು ಒಮ್ಮೆ ನೋಡಿದೆ, ಸುಳ್ಳೇಕೆ ಹೇಳಲಿ, ಆಸೆಯಾಯಿತು. ಒಳಗೆ ಕೂಸು ಮಲಗಿತ್ತು. ಬಂದು ಬಕೆಟ್ ಮೇಲೆ ಕೂತೆ.

ಆಪರೇಷನ್ನಿನ ಮಾರನೆಯ ದಿನ ಅವರ ವಾರ್ಡಿನ ಗಂಟು ಬಂತು. ಮೂಲೆ ಬಿಡಿಸಿದೆ. ಎಂದಿನಂತೆ ಮುದ್ದೆ ಮುದ್ದೆ ಶೀಟುಗಳು. ಅವುಗಳ ನಡುವೆ ಒಂದು ಮಾತ್ರ ಮಡಚಿಟ್ಟದ್ದು. ಕಲೆ ಒಳಗೆ, ನಾಲ್ಕು ಮೂಲೆ ಮೇಲೆ. ಮಡಿಕೆ ಮಾತ್ರ ಸೊಟ್ಟ, ಒಂದು ಮೂಲೆಗೂ ಇನ್ನೊಂದಕ್ಕೂ ತಾಳೆಯಿಲ್ಲ. ಎಡಗೈಯೊಂದರಲ್ಲೇ ಮಡಚಿದ್ದರು. ಮಡಿಲಲ್ಲಿಟ್ಟುಕೊಂಡೆ. ಇಸ್ತ್ರಿ ಮಾವ ಬಗ್ಗಿ ನೋಡಿ, “ಮಲಗಿದ್ರೂ ಸುಮ್ನಿರಲ್ಲ ನೋಡು ಮಹರಾಯ್ತಿ,” ಎಂದು ಮೂಗು ಒರೆಸಿಕೊಂಡರು.

ಮಧ್ಯಾಹ್ನ ಬೈದೇ ತೀರಬೇಕೆಂದು ಮೇಲೆ ಹೋದೆ. ಗಂಟಕ್ಕ ದಿಂಬಿಗೊರಗಿ ಕೂತಿದ್ದರು, ಬಲಗೈಗೆ ದಪ್ಪ ಬ್ಯಾಂಡೇಜು.

“ಕೈ ಹೇಗಿದೆ ಅಕ್ಕಾ?” ಎಂದೆ.

ಎಡಗೈಯಿಂದ ನನ್ನ ಬಲಗೈ ಹಿಡಿದು ಕಿಟಕಿಯ ಬೆಳಕಿಗೆ ಎಳೆದುಕೊಂಡರು. ಒಂದೊಂದೇ ಬೆರಳು ಬಿಡಿಸಿ, ತುದಿಗಳನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಚೆನ್ನಾಗಿದೆ,” ಎಂದರು. “ಹೋಗು, ಇನ್ನೊಂದು ಟ್ರಾಲಿ ಬಂದಿರುತ್ತೆ.”