ಒಲೆಯಿಲ್ಲದ ಇಂಜಿನ್ನು

ಕ್ಯೂಬಾಕ್ಕೆ ಬಂದ ಮೊದಲ ಬೆಳಿಗ್ಗೆ ಮಂಚ ಅಲುಗಾಡಿ ಎಚ್ಚರವಾಯಿತು. ಭೂಕಂಪವೇ ಇರಬೇಕೆಂದು ಬರಿಗಾಲಲ್ಲಿ ಬಾಗಿಲಿಗೆ ಓಡಿದೆ. ಜಗಲಿಯಿಂದ ಎರಡು ಮಾರು ಆಚೆ, ಕಬ್ಬು ತುಂಬಿದ ಡಬ್ಬಿಗಳನ್ನು ಎಳೆದುಕೊಂಡು ಒಂದು ರೈಲು ಇಂಜಿನ್ನು ಹೋಗುತ್ತಿತ್ತು. ಆವಿ ಬುಸುಗುಟ್ಟುತ್ತಿತ್ತು, ಹೊಗೆ ಮಾತ್ರ ಇರಲಿಲ್ಲ. ಒಲೆ ಇರಬೇಕಾದ ಜಾಗದಲ್ಲಿ ಒಲೆಯೇ ಇರಲಿಲ್ಲ. ಇಪ್ಪತ್ತೆಂಟು ವರ್ಷ ಬಾಯ್ಲರ್ ಮುಂದೆ ನಿಂತು ಹುಬ್ಬು ಸುಟ್ಟುಕೊಂಡವನು ನಾನು. ಬೆಂಕಿಯಿಲ್ಲದೆ ಆವಿ ಬಂದದ್ದನ್ನು ಎಲ್ಲೂ ಕಂಡಿರಲಿಲ್ಲ. ಲುಂಗಿ ಎತ್ತಿ ಕಟ್ಟಿಕೊಂಡು ಇಂಜಿನ್ನಿನ ಪಕ್ಕದಲ್ಲೇ ಓಡಿದೆ.

ಅವರ ಭಾಷೆ ನನಗೆ ಒಂದಕ್ಷರ ಬರುತ್ತಿರಲಿಲ್ಲ. ಕಡ್ಡಿ ಗೀರಿದಂತೆ ಮಾಡಿ, ಬಾಯಿಂದ ಊದಿ, ಬೆಂಕಿ ಎಲ್ಲಿ ಎಂದು ಕೈಯಲ್ಲೇ ಕೇಳಿದೆ. ಡ್ರೈವರ್ ಮುದುಕ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕ. ಆಮೇಲೆ ಹಿಂದಕ್ಕೆ ಬೆರಳು ತೋರಿಸಿದ. ಅಲ್ಲಿ ಸಕ್ಕರೆ ಕಾರ್ಖಾನೆಯ ಚಿಮಣಿ ಹೊಗೆ ಉಗುಳುತ್ತಿತ್ತು. ನನ್ನ ಬೆಂಕಿ ಅಲ್ಲಿದೆ, ಎಂದು ಹೇಳುತ್ತಿದ್ದ.

ಈ ಅಚ್ಚರಿಗೆ ಇನ್ನೊಂದು ಕಾರಣವೂ ಉಂಟು. ನಾನು ಕೊಳ್ಳೇಗಾಲ ತಾಲ್ಲೂಕಿನ ಧನಗೆರೆಯವನು. ನಮ್ಮ ಕೊಳ್ಳೇಗಾಲಕ್ಕೆ ರೈಲು ಬರುತ್ತದೆ ಎಂಬ ಮಾತನ್ನು ನಮ್ಮ ತಾತ ಕೇಳಿದ್ದ, ಅಪ್ಪ ಕೇಳಿದ್ದ, ನಾನೂ ಕೇಳಿದ್ದೇನೆ. ರೈಲು ನೋಡಬೇಕಾದರೆ ನಾವು ಈಗಲೂ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋಗಬೇಕು. ಅಂಥ ಊರಿನವನು ಏಳು ಸಮುದ್ರ ದಾಟಿ ಬಂದರೆ ಇಲ್ಲಿ ರೈಲು ನಮ್ಮ ಜಗಲಿಯ ಮುಂದೆ, ಹಾಲಿನವನ ಹಾಗೆ ದಿನಕ್ಕೆ ನಾಲ್ಕು ಸಲ ಓಡಾಡುತ್ತಿತ್ತು.

ನಾನು ಬಂದದ್ದು ಹೀಗೆ. ನಮ್ಮ ಕಡೆ ನಾನು ಕೆಲಸಕ್ಕಿದ್ದ ಸಕ್ಕರೆ ಕಾರ್ಖಾನೆ ನಿಂತುಹೋಯಿತು. ಅದೇ ವರ್ಷ ನನ್ನ ಹೆಂಡತಿ ತೀರಿಕೊಂಡಳು. ಮಗಳು ಸುಮಳನ್ನು ಯಳಂದೂರಿಗೆ ಕೊಟ್ಟಿದ್ದೆ. ಮನೆಯಲ್ಲಿ ನಾನೊಬ್ಬನೇ ಒಲೆ ಹಚ್ಚಬೇಕು, ನಾನೊಬ್ಬನೇ ಉಣ್ಣಬೇಕು. ಆಗ ಹೊರರಾಜ್ಯದ ಗುತ್ತಿಗೆದಾರನೊಬ್ಬ ಕ್ಯೂಬಾದ ಒಂದು ಕಾರ್ಖಾನೆಗೆ ಕಬ್ಬಿನ ಸಿಪ್ಪೆ ಉರಿಸುವ ಬಾಯ್ಲರ್ ಕೂರಿಸಿದ್ದ. ಅದನ್ನು ನಡೆಸಲು, ಅಲ್ಲಿಯವರಿಗೆ ಕಲಿಸಲು ಜನ ಬೇಕಾಗಿತ್ತು. ಎರಡು ಹಂಗಾಮು ಇದ್ದು ಬಂದರಾಯಿತು ಎಂದ. ಸುಮ ಮಾತ್ರ ಬಾಗಿಲಿಗೆ ಅಡ್ಡ ನಿಂತು ಅತ್ತಳು.

"ಅವ್ವ ಓದ್ಲು. ಈಗ ನೀವೂ ಓಯ್ತೀನಿ ಅಂತೀರಿ. ನಂಗ್ಯಾರವ್ರೆ ಅಪ್ಪಾಜಿ?"

"ಎರಡೇ ವರ್ಸ ಕಣವ್ವ. ನಿನ್ ಬಾಣಂತನದ ಒತ್ಗೆ ಬಂದೇ ಬತ್ತೀನಿ," ಎಂದು ಅವಳ ತಲೆ ಮುಟ್ಟಿ ಹೇಳಿದೆ.

ಕಾರ್ಖಾನೆಯ ಸುತ್ತ ಕಟ್ಟಿಕೊಂಡ ಕಾರ್ಮಿಕರ ಊರನ್ನು ಇಲ್ಲಿ ಬತೇಯ್ ಎನ್ನುತ್ತಾರೆ. ಹಲಗೆಯ ಗೋಡೆ, ತಗಡಿನ ಸೂರು, ಪ್ರತಿ ಜಗಲಿಯಲ್ಲೂ ಎರಡು ತೂಗುಕುರ್ಚಿ. ನನಗೂ ಅಂಥದೊಂದು ಮನೆ ಕೊಟ್ಟರು. ಎರಡನೆಯ ಕುರ್ಚಿ ಬಹಳ ದಿನ ಖಾಲಿಯೇ ಇತ್ತು. ನ್ಯಾಯಬೆಲೆ ಅಂಗಡಿಯ ಸಾಲು, ಬಾರದ ನೀರು, ಹೋಗಿಬಿಡುವ ಕರೆಂಟು, ಇವಕ್ಕೆಲ್ಲ ನಾನು ಹೊಸಬನಲ್ಲ. ಸೋತದ್ದು ಊಟಕ್ಕೆ. ಕಪ್ಪು ಕಾಳಿನ ಅನ್ನ, ಕೆಸುವಿನಂಥ ಗೆಡ್ಡೆ, ಯಾವುದರಲ್ಲೂ ಖಾರವೆಂಬುದಿಲ್ಲ. ತಂದಿದ್ದ ರಾಗಿಹಿಟ್ಟು ಒಂದು ತಿಂಗಳಿಗೆ ಮುಗಿಯಿತು. ಆಮೇಲೆ ಮೆಕ್ಕೆಜೋಳದ ಹಿಟ್ಟಿನಲ್ಲಿ ಮುದ್ದೆ ಕಟ್ಟಲು ಹೋಗಿ ಎಷ್ಟು ದಿನ ಗಂಜಿ ಕುಡಿದೆನೋ ಲೆಕ್ಕವಿಲ್ಲ.

ಭಾಷೆ ಮಾತ್ರ ಬೇಗ ಒಲಿಯಿತು. ನಮ್ಮೂರ ಮೇಷ್ಟ್ರು 'ಹ'ಕಾರ ನುಂಗುತ್ತೀಯ ಎಂದು ನನ್ನ ಕಿವಿ ಹಿಂಡುತ್ತಿದ್ದರು. ಇಲ್ಲಿ ದೇಶಕ್ಕೆ ದೇಶವೇ 'ಹ' ನುಂಗುತ್ತದೆ. ಹವಾನಾ ಎಂದು ನಾವು ಓದಿದ ಊರು ಇವರ ಬಾಯಲ್ಲಿ ಆಬಾನಾ. ಮೇಷ್ಟ್ರನ್ನು ಒಂದು ಸಲ ಇಲ್ಲಿಗೆ ಕರೆಸಬೇಕಿತ್ತು ಎಂದುಕೊಂಡು ಒಬ್ಬನೇ ನಗುತ್ತಿದ್ದೆ.

ಡ್ರೈವರ್ ಮುದುಕನ ಹೆಸರು ರಾಮೋನ್. ನನ್ನ ಬಾಯಲ್ಲಿ ಎರಡನೆಯ ದಿನಕ್ಕೇ ರಾಮಣ್ಣನಾದ. ಅವನ ಸ್ಪ್ಯಾನಿಷ್ ಮಾತನ್ನು ನಮ್ಮೂರ ಕನ್ನಡದಲ್ಲೇ ಬರೆಯುತ್ತೇನೆ, ಯಾಕೆಂದರೆ ವರ್ಷ ಕಳೆಯುವುದರೊಳಗೆ ನನಗದು ಹಾಗೇ ಕೇಳಿಸತೊಡಗಿತ್ತು. ಒಂದು ಸಂಜೆ ಬಂದು ನನ್ನ ಖಾಲಿ ಕುರ್ಚಿಯಲ್ಲಿ ಕೂತ. ಅಂತೂ ಕಟ್ಟಿ ನಿಂತಿದ್ದ ಜೋಳದ ಮುದ್ದೆಯನ್ನು ಬಡಿಸಿದೆ. ಅಗಿದೇ ಅಗಿದ.

"ಅಗೀಬ್ಯಾಡ ಕಣಣ್ಣ, ನುಂಗು," ಎಂದೆ.

ನುಂಗಿ ಕಣ್ಣು ಒರೆಸಿಕೊಂಡ. "ಕಬ್ಬಿನ ಸಿಪ್ಪೆ ನಿನ್ ಬಾಯ್ಲರ್‌ಗೆ ಆಕ್ಲಾ, ನಂಗ್ಯಾಕ್ಲಾ ಆಕ್ತೀಯೆ?" ಎಂದ. ನಾನು ಈ ದೇಶಕ್ಕೆ ಬಂದ ಮೇಲೆ ಹೊಟ್ಟೆ ತುಂಬ ನಕ್ಕದ್ದು ಅದೇ ಮೊದಲು.

ಇಂಜಿನ್ನಿನ ಮರ್ಮ ಹೇಳಿಕೊಟ್ಟವನೂ ಅವನೇ. ಅದರ ಮೇಲಿರುವುದು ಬಾಯ್ಲರ್ ಅಲ್ಲ, ದೊಡ್ಡದೊಂದು ಹಂಡೆ. ಅದರೊಳಗೆ ಬಿಸಿನೀರು. ಕಾರ್ಖಾನೆಯ ಗೋಡೆಯಿಂದ ಹೊರಗೆ ಚಾಚಿದ ಕೊಳವೆಗೆ ಇಂಜಿನ್ನು ಬಂದು ನಿಲ್ಲುತ್ತದೆ. ಕರು ಕೆಚ್ಚಲಿಗೆ ಬಾಯಿ ಹಾಕಿದ ಹಾಗೆ ಆ ಕೊಳವೆಯಿಂದ ಆವಿ ಕುಡಿಯುತ್ತದೆ. ಆ ಆವಿಯ ಬಲದಲ್ಲೇ ಕಬ್ಬು ತರಲು ಹೋಗುತ್ತದೆ. ಶೆಡ್ಡಿನಲ್ಲಿ ಎಣ್ಣೆ ಉರಿಸುವ ಬೇರೆ ಉಗಿ ಇಂಜಿನ್ನುಗಳೂ ಇದ್ದವು, ಡೀಸೆಲ್ಲಿನವೂ ಇದ್ದವು. ದೇಶದಲ್ಲಿ ಎಣ್ಣೆಯೇ ಇಲ್ಲವಾಗಿ ಅವುಗಳ ಚಕ್ರದ ನಡುವೆ ಹುಲ್ಲು ಬೆಳೆದಿತ್ತು. ಒಲೆಯಿಲ್ಲದ ಈ ನೂರು ವರ್ಷದ ಮುದಿ ಇಂಜಿನ್ನು ಮಾತ್ರ ನನ್ನ ಬಾಯ್ಲರ್ ನಂಬಿಕೊಂಡು ದುಡಿಯುತ್ತಿತ್ತು. ಕೊಳವೆಯಲ್ಲಿ ಆವಿ ಬಿಡುವ ತಿರುಗಣೆ ನನ್ನ ಕೈಯಲ್ಲಿತ್ತು.

ಕಾರ್ಖಾನೆಯಿಂದ ಮೂರು ಕಿಲೋಮೀಟರ್ ದೂರದಲ್ಲಿ ಒಂದು ಮಾವಿನ ಮರ. ಎತ್ತಿನ ಗಾಡಿಗಳು ಕಬ್ಬು ತಂದು ಅಲ್ಲೇ ಸುರಿಯುತ್ತಿದ್ದವು. ಹಳಿ ಅಲ್ಲಿಂದ ಮುಂದೆ, ಕೆಲಸ ನಿಂತುಹೋದ ಹಳೆಯ ಬತೇಯ್‌ವರೆಗೂ ಇದೆ. ರಾಮಣ್ಣನ ಮನೆಯೂ ಅಲ್ಲೇ. ಆದರೂ ಇಂಜಿನ್ನು ಮಾವಿನ ಮರ ದಾಟುವಂತಿಲ್ಲ. ರಾಮಣ್ಣ ದಿನಾ ಅಲ್ಲಿ ನಿಂತು, ಎಷ್ಟು ಆವಿ ಉಳಿದಿದೆ ಎಂದು ತೋರಿಸುವ ಗೇಜಿಗೆ ಬೆರಳ ಗೆಣ್ಣಿನಿಂದ ಕುಟ್ಟಿ, ಮುಳ್ಳು ನೋಡಿ, ಒಂದು ಗಿಡ್ಡ ಸೀಟಿ ಹಾಕಿ ಹಿಂದಿರುಗುತ್ತಿದ್ದ. ಅದು ಕೇಳಿಸಿದರೆ ನಾನು ಆವಿ ಸಿದ್ಧ ಮಾಡಿಕೊಳ್ಳುತ್ತಿದ್ದೆ.

"ಓಗೋದು ದೊಡ್ಡದಲ್ಲ ಕಣ್ಲಾ," ಎನ್ನುತ್ತಿದ್ದ. "ಬ್ಯಾರೇರ್ ಬೆಂಕೀಲಿ ಓಡೋ ಗಾಡಿ ಇದು. ವಾಪಸ್ ಬರೋವಷ್ಟು ಉಳ್ಸ್ಕಂಡು ಓಗ್ಬೇಕು. ಆ ಮರ ದಾಟ್ತಾ, ಅಲ್ಲೇ ಸತ್ತು ನಿಂತ್ಕತ್ತದೆ."

ನಾನು ತಿರುಗಣೆ ಬಿಚ್ಚುವಾಗಲೆಲ್ಲ ರೂಢಿಯಂತೆ "ಉಘೇ ಮಾದಪ್ಪ" ಎನ್ನುತ್ತಿದ್ದೆ. ಅದು ನಮ್ಮ ಹನೂರು ಕಡೆಯ ಬೆಟ್ಟದ ದೇವರ ಹೆಸರೆಂದು ತಿಳಿದ ಮೇಲೆ ಅವನೂ ಇಂಜಿನ್ನು ಬಿಡುವಾಗ "ಉಘೇ!" ಎಂದು ಕೂಗುವುದನ್ನು ಕಲಿತ. ಆ ಕೂಗಿಗೆ ನನ್ನ ಕಣ್ಣು ತುಂಬಿದ್ದು ಉಂಟು.

ಸುಮ ಫೋನಿನಲ್ಲಿ ಪ್ರತಿ ಸಲ ಕೇಳುತ್ತಿದ್ದದ್ದು ಒಂದೇ, "ಯಾವಾಗ ಬತ್ತೀರಿ ಅಪ್ಪಾಜಿ?" ಮೊದಲ ಹಂಗಾಮಿನ ಬಳಿಕ ಹದಿನೈದು ದಿನಕ್ಕೆ ಹೋಗಿಬಂದೆ. ಎರಡು ಹಂಗಾಮು ಮುಗಿಯಿತು, ಮೂರನೆಯದಕ್ಕೂ ಒಪ್ಪಿಕೊಂಡೆ. ಅವಳಿಗೆ ದಿನ ತುಂಬಿದ್ದು ಆ ಹಂಗಾಮಿನ ನಡುವೆ. ತಾಯಿಯಿಲ್ಲದ ಹುಡುಗಿ. ನಾನು ಬರುತ್ತೇನೆಂದೇ ಕಾದಿದ್ದಳು. ಬಾಯ್ಲರ್ ಕೊಳವೆ ಸೋರುತ್ತಿದೆ, ಈಗ ಬಿಟ್ಟು ಬರುವಂತಿಲ್ಲ ಎಂದೆ. ಸೋರುತ್ತಿದ್ದದ್ದು ನಿಜ. ಆದರೆ ಕೇಳಿದ್ದರೆ ರಜೆ ಕೊಡುತ್ತಿದ್ದರು. ನಾನು ಕೇಳಲಿಲ್ಲ. ಊರಲ್ಲಿ ಯಾರಿಗೂ ಬೇಡವಾಗಿದ್ದ ಕೈಗಳು ಇಲ್ಲಿ ಇಡೀ ಕಾರ್ಖಾನೆಗೆ ಬೇಕಾಗಿದ್ದವು. ಆ ಸುಖವನ್ನು ನಾಲ್ಕು ವಾರ ಬಿಟ್ಟಿರಲು ನನ್ನಿಂದ ಆಗಲಿಲ್ಲ. ಬಾಣಂತನ ಮಾಡಲು ಅವಳ ಸೋದರತ್ತೆ ಹೂಗ್ಯಂನಿಂದ ಬಂದಳಂತೆ. ಹೆಣ್ಣುಮಗು. ಹಂಗಾಮು ಮುಗಿದ ಮೇಲಾದರೂ ಹೋಗಬಹುದಿತ್ತು. ಯಾವ ಮುಖ ಹೊತ್ತು ಹೋಗಲಿ ಎಂದು ರಿಪೇರಿ ಕೆಲಸ ಹಿಡಿದೆ. ಸುಮ ಆಮೇಲೂ ಮಾತಾಡುತ್ತಿದ್ದಳು, ಮಗುವಿನ ಫೋಟೋ ಕಳಿಸುತ್ತಿದ್ದಳು. ಯಾವಾಗ ಬತ್ತೀರಿ ಎಂದು ಮಾತ್ರ ಮತ್ತೆ ಕೇಳಲಿಲ್ಲ. ಅವಳು ಕೇಳುವುದನ್ನು ಬಿಟ್ಟಿದ್ದಾಳೆ ಎಂಬುದು ನನ್ನ ಗಮನಕ್ಕೆ ಬರಲು ಒಂದು ವರ್ಷ ಹಿಡಿಯಿತು.

ಈ ಆರನೆಯ ಹಂಗಾಮಿಗೆ ಕಬ್ಬು ಕಾಲುಭಾಗವೂ ಬರಲಿಲ್ಲ. ಗದ್ದೆಯಲ್ಲಿ ಮುಳ್ಳುಕಂಟಿ ಬೆಳೆದಿತ್ತು. ಹಂಗಾಮಿನ ಕೊನೆಗೆ ಕಾರ್ಖಾನೆ ಮುಚ್ಚುತ್ತದೆ, ಕಬ್ಬಿಣವೆಲ್ಲ ಗುಜರಿಗೆ ಎಂದು ಹೇಳಿದರು. ಇಂಜಿನ್ನೂ ಅದರಲ್ಲಿ ಸೇರಿತ್ತು. ರಾಮಣ್ಣ ಅಂದು ಸಂಜೆ ಕುರ್ಚಿ ತೂಗದೆ ಕೂತಿದ್ದ.

"ನಮ್ಮಪ್ಪ ಓಡ್ಸ್ತಿದ್ದ ಗಾಡಿ ಕಣ್ಲಾ ಅದು. ಗ್ಯಾಸಲ್ಲಿ ಕುಯ್ಯೋ ಜಾಗಕ್ಕೆ ನಾನೇ ಓಡ್ಸ್ಕಂಡೋಗಿ ನಿಲ್ಲುಸ್ಬೇಕಂತೆ."

ನಾನು ನನ್ನ ಕಥೆ ಹೇಳಿದೆ. ನಮ್ಮ ಕಾರ್ಖಾನೆಯ ಬಾಯ್ಲರ್ ಕತ್ತರಿಸಿದ ದಿನ ನಾನು ಗೇಟಿನ ಎದುರು ಹೋಟೆಲಿನ ಬೆಂಚಿನ ಮೇಲಿದ್ದೆ. ಗ್ಯಾಸಿನ ನೀಲಿ ಉರಿ ಅಲ್ಲಿಗೂ ಕಾಣುತ್ತಿತ್ತು.

"ನೀನೇನ್ ಮಾಡ್ದೆ?"

"ಟೀ ಕುಡ್ದೆ."

ಅವನು ಕುರ್ಚಿಯಿಂದ ಎದ್ದು ತನ್ನ ಮನೆಯ ಕಡೆ ನಡೆದ. ಬೈದಿದ್ದರೆ ಚೆನ್ನಾಗಿತ್ತು.

ಕೊನೆಯ ದಿನ ನನಗಿದ್ದ ಅಪ್ಪಣೆ ಇಷ್ಟೇ: ಅಂಗಳದ ಆ ತುದಿಯ ಗುಜರಿ ಜಾಗದವರೆಗೆ ಉರುಳುವಷ್ಟು ಆವಿ ಕೊಡು, ಆಮೇಲೆ ಬಾಯ್ಲರ್ ಆರಿಸು. ಜನರೆಲ್ಲ ಅಂಗಳದಲ್ಲಿ ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು. ರಾಮಣ್ಣ ಕೊಳವೆ ಸಿಕ್ಕಿಸಿದ. ನಾನು ತಿರುಗಣೆ ಬಿಚ್ಚಿದೆ. ಅಂಗಳಕ್ಕೆ ಸಾಲುವಷ್ಟು ಹೋಯಿತು. ಮಾವಿನ ಮರಕ್ಕೆ ಸಾಲುವಷ್ಟು ಹೋಯಿತು. ಅವನು ಸಾಕು ಎನ್ನಲಿಲ್ಲ, ನಾನೂ ಕೈ ತೆಗೆಯಲಿಲ್ಲ. ಮುಳ್ಳು ಕೆಂಪು ಗೆರೆ ಮುಟ್ಟಿದ ಮೇಲೆ ಕಟ್ಟಿದೆ. ಅವನು ಗೇಜಿನ ಕಡೆ ನೋಡಲೂ ಇಲ್ಲ. "ಉಘೇ!" ಎಂದು ಕೂಗಿ, ಗುಜರಿ ಜಾಗದ ಕಡೆಗಲ್ಲ, ಹೊಲದ ಕಡೆಗೆ ಬಿಟ್ಟ.

ಮಾವಿನ ಮರದ ಹತ್ತಿರ ಗಿಡ್ಡ ಸೀಟಿ ಕೇಳಿತು. ಹಿಂದಿರುಗುವ ಸದ್ದಿಗೆ ಕಾದೆ. ಬರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಬಲು ದೂರದಿಂದ ಇನ್ನೊಂದು ಸೀಟಿ ಬಂತು. ಅದು ನಿಲ್ಲಲೇ ಇಲ್ಲ. ಉಳಿದ ಆವಿಯನ್ನೆಲ್ಲ ಅವನು ಸೀಟಿಗೇ ಕೊಟ್ಟುಬಿಟ್ಟಿದ್ದ. ಉದ್ದಕ್ಕೆ ಎಳೆದು, ಸಣ್ಣಗಾಗಿ, ಕೊನೆಗೆ ಬರೀ ಉಸಿರಾಗಿ ನಿಂತಿತು. ಆರುತ್ತಿದ್ದ ಬಾಯ್ಲರಿಗೆ ಹಣೆ ಹಚ್ಚಿ ಅತ್ತೆ. ಹೆಂಡತಿ ಸತ್ತಾಗ ಅಳದೆ ಉಳಿದಿದ್ದ ಅಳುವೂ ಅದರಲ್ಲಿ ಸೇರಿತ್ತು.

ಮೂರು ದಿನ ಬಿಟ್ಟು ಹಳೆಯ ಬತೇಯ್‌ಗೆ ನಡೆದು ಹೋದೆ. ಇಂಜಿನ್ನು ಅವನ ಮನೆಯ ಎದುರಿಗೇ ನಿಂತಿತ್ತು. ಅದರ ಕಂಬಿಗೆ ಅವನ ಹೆಂಡತಿ ಬಟ್ಟೆ ಒಣಹಾಕಿದ್ದಳು. ಅಧಿಕಾರಿಗಳು ಬಂದು ನೋಡಿದರಂತೆ. ಎಳೆದುಕೊಂಡು ಹೋಗಲು ಆವಿಯಿಲ್ಲ, ಕ್ರೇನಿಗೆ ಎಣ್ಣೆಯಿಲ್ಲ. ಏನೋ ಬರೆದುಕೊಂಡು ಹೋದರಂತೆ. ಎಣ್ಣೆ ಸಿಕ್ಕಿದ ದಿನ ಬಂದರೂ ಬರಬಹುದು. ರಾಮಣ್ಣ ಇಂಜಿನ್ನಿನ ಮೆಟ್ಟಿಲ ಮೇಲೆ ಕೂತಿದ್ದ.

"ಕುಯ್ಯಕ್ ಬುಡ್ನಿಲ್ಲ, ಅಷ್ಟೆಯ," ಎಂದ. "ಇನ್ ಇದ್ರಲ್ಲಿ ಜೀವ ಇಲ್ಲ ಕಣ್ಲಾ. ಮನೆ ಮುಂದೆ ಅದೆ, ಆದ್ರೆ ಎಲ್ಗೂ ಓಗಾಕಿಲ್ಲ." ನನ್ನ ಕಡೆ ತಿರುಗಿ ಕೇಳಿದ, "ನೀನು? ಊರ್ಗಾ?"

"ಊಂ. ಮುಂದಿನ ವಾರ."

"ಓಗು. ಮಗ್ಳು ಕಾಯ್ತಾವ್ಳೆ."

ಬೆಳಿಗ್ಗೆ ಎದ್ದರೆ ಯಳಂದೂರಿನಲ್ಲಿ ಯಾವ ಜಗಲಿಯ ಮುಂದೆಯೂ ರೈಲು ಹೋಗುವುದಿಲ್ಲ. ಆ ಸದ್ದಿಲ್ಲದೆ ನನಗೆ ಎಚ್ಚರವಾಗುತ್ತದೋ ಇಲ್ಲವೋ ಎಂದು ಯೋಚಿಸುತ್ತ ಹಿಂದಕ್ಕೆ ನಡೆದೆ. ಮಾವಿನ ಮರದ ಕೆಳಗೆ ಫೋನಿಗೆ ಸಿಗ್ನಲ್ ಬಂತು. ಸುಮಳಿಗೆ ಮಾಡಿದೆ. ಆ ಕಡೆ ಮಗು ಯಾರವ್ವಾ ಯಾರವ್ವಾ ಎನ್ನುತ್ತಿತ್ತು. ಮೂರು ವರ್ಷವಾಗಿದೆ ಅದಕ್ಕೆ, ನಾನಿನ್ನೂ ಎತ್ತಿಕೊಂಡಿಲ್ಲ.

"ಮುಂದಿನ ವಾರ ಬತ್ತಿದೀನಿ ಕಣವ್ವ," ಎಂದೆ.

ಅವಳು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

"ಬನ್ನಿ ಅಪ್ಪಾಜಿ," ಎಂದಳು. ಆಮೇಲೆ, ಹಬ್ಬಕ್ಕೆ ಬರುವ ನೆಂಟರನ್ನು ಕೇಳುವ ಅದೇ ಮರ್ಯಾದೆಯ ದನಿಯಲ್ಲಿ ಕೇಳಿದಳು, "ಎಷ್ಟ್ ದಿವ್ಸ ಇರ್ತೀರಿ?"