ಉಡಿಗೆ ಬಿದ್ದ ಪದಕ

ನಮ್ಮ ಅಪ್ಪ ಕೊಟ್ಟ ಮಾತಿಗೆ ತಪ್ಪುವವನಲ್ಲ ಎಂದು ಇಳಕಲ್ಲಿನ ನಮ್ಮ ಓಣಿಯೆಲ್ಲ ಹೊಗಳುತ್ತಿತ್ತು. ಆ ಹೊಗಳಿಕೆ ನೆನಪಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಎಪ್ಪತ್ತರ ದಶಕದ ಕೊನೆ. ಅಕ್ಕ ಮೆಟ್ರಿಕ್ ಓದುತ್ತಿದ್ದಳು. ಲಂಗ ಮೇಲೆ ಕಟ್ಟಿ ಓಡಲು ನಿಂತಳೆಂದರೆ ಗಂಡುಹುಡುಗರೂ ಹಿಂದೆ ಬೀಳುತ್ತಿದ್ದರು. ಬಾಗಲಕೋಟೆಯ ಓಟದಲ್ಲಿ ಗೆದ್ದರೆ ಅಲ್ಲಿನ ಕಾಲೇಜಿನಲ್ಲಿ ಸೀಟು, ಹಾಸ್ಟೆಲ್ ಎರಡೂ ಸಿಗುತ್ತವೆ ಎಂದು ಅವಳ ಡ್ರಿಲ್ ಮಾಸ್ತರರು ಮನೆಗೇ ಬಂದು ಹೇಳಿದರು. ಅದೇ ಹೊತ್ತಿಗೆ ಗುಳೇದಗುಡ್ಡದಿಂದ ಒಂದು ಸಂಬಂಧವೂ ಬಂದಿತ್ತು. ಅಪ್ಪ ಮಗ್ಗದ ಕುಣಿಯಿಂದ ಮೇಲೇಳದೆಯೇ ತೀರ್ಮಾನ ಹೇಳಿದ.

"ಮೊದಲ ನಂಬರ್ ಬಂದ್ರ ಕಾಲೇಜಿಗೆ ಕಳಸ್ತೇನಿ. ಇಲ್ಲಂದ್ರ ಲಗ್ನ. ಇದು ನನ್ನ ಮಾತು."

ಅಕ್ಕ ಎರಡನೆಯವಳಾದಳು. ಇನ್ನೇನು ಗೆದ್ದೆ ಅನ್ನುವಾಗ ಬೇರೆ ಊರಿನ ಹುಡುಗಿಯೊಬ್ಬಳು ದಾಟಿ ಹೋದಳಂತೆ. ಅಪ್ಪ ಮಾತು ಉಳಿಸಿಕೊಂಡ. ಆ ಬೇಸಿಗೆಯಲ್ಲೇ ಅಕ್ಕ ಗುಳೇದಗುಡ್ಡದಲ್ಲಿ ರವಿಕೆಯ ಖಣ ನೇಯುವವರ ಮನೆಯ ಸೊಸೆಯಾದಳು.

ಮರುವರ್ಷ ಅವಳ ಕುಬಸ ಬಂತು. ಬಸುರಿ ಮಗಳಿಗೆ ತವರಿನವರು ಹಸಿರು ಸೀರೆ ಉಡಿಸಿ ಉಡಿ ತುಂಬುವ ದಿನ. ನಾವೆಲ್ಲ ಗುಳೇದಗುಡ್ಡಕ್ಕೆ ಹೋಗಿದ್ದೆವು. ಅವ್ವ ಅಕ್ಕಿ, ಕೊಬ್ಬರಿ ಬಟ್ಟಲು ಹಿಡಿದು ನಿಂತಿರುವಾಗ ಆ ಮಾಸ್ತರರೇ ಬಾಗಿಲಿಗೆ ಬಂದರು. ಬೆವರು ಒರೆಸಿಕೊಳ್ಳುತ್ತ ಅಪ್ಪನಿಗೆ ಹೇಳಿದರು.

"ಅವತ್ತು ಗೆದ್ದಾಕಿ ದಮ್ಮು ಹೆಚ್ಚಿಸೂ ಗುಳಿಗಿ ತಗೊಂಡು ಓಡಿದ್ಳಂತ್ರಿ. ಸೋದರಮಾವನೇ ಕೊಟ್ಟಿದ್ನಂತ. ಮೊನ್ನೆ ಓಡೂ ಮುಂದ ಎಚ್ಚರ ತಪ್ಪಿ ಬಿದ್ಳು, ದವಾಖಾನ್ಯಾಗ ಎಲ್ಲಾ ಹೊರಗ ಬಂತು. ಈ ಪದಕ ನಿಮ್ಮ ಮಗಳದು."

ಅಕ್ಕ ಕೈ ಚಾಚಿದಳು. ಅವಳ ಅತ್ತೆ ತಡೆದರು. "ಕುಬಸದ ದಿನ ಬಂದದ್ದನ್ನ ಕೈಯಾಗ ಇಸ್ಕೋಬಾರ್ದವಾ. ಉಡ್ಯಾಗ ಹಾಕ್ರಿ."

ಅವ್ವ ಅಕ್ಕಿಯ ಜೊತೆ ಅದನ್ನೂ ಅಕ್ಕನ ಉಡಿಗೆ ಹಾಕಿದಳು. "ಹುಟ್ಟೋ ಮಗನ ಕೊಳ್ಳಾಗ ಹಾಕಾಕ ಆತು ಬಿಡ್ರಿ" ಎಂದು ಯಾರೋ ನಕ್ಕರು. ನನಗೆ ಸಿಟ್ಟಿನಿಂದ ಅಳು ಬಂತು. ಅಕ್ಕ ಮಾತ್ರ ಮೊದಲು ಆ ಹುಡುಗಿಯನ್ನು ಕೇಳಿದಳು.

"ಆಕಿ ಹೆಂಗದಾಳ್ರಿ, ಸರ?"

"ಬದುಕ್ಯಾಳವಾ. ಕಾಲೇಜು ಬಿಡಿಸ್ಯಾರ."

"ಕಾಲೇಜಿನ ಸೀಟು?"

ಮಾಸ್ತರರು ನೆಲ ನೋಡಿದರು. "ಅದು ಆ ವರ್ಷದ್ದು, ತಂಗೀ."

ಉಡಿ ತುಂಬಿದ ಮೇಲೆ ಹಿರಿಯರಿಗೆ ನಮಸ್ಕರಿಸಬೇಕು. ಅಕ್ಕ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನಿಧಾನಕ್ಕೆ ನಡೆಯುತ್ತ ಅಪ್ಪನ ಮುಂದೆ ಬಂದಳು. ಹರಸಲೆಂದು ಅಪ್ಪ ಕೈ ಎತ್ತಿದ. ಅವಳು ಬಾಗಲಿಲ್ಲ.

"ಅಪ್ಪಾ, ನಾ ಮೊದಲ ನಂಬರ್ ಬಂದೇನಿ" ಎಂದಳು.

ಎತ್ತಿದ ಕೈಯನ್ನು ಏನು ಮಾಡಬೇಕೆಂದು ಅಪ್ಪನಿಗೆ ತಿಳಿಯಲಿಲ್ಲ.