ಒಬ್ಬಳೇ ಸೇರಿದ ಸಭೆ

ನಮ್ಮ ವಿಭಾಗ ಮಂಡಳಿಯ ಸಭೆಗೆ ನಾನು ಒಂದು ದಿನವೂ ತಡವಾಗಿ ಹೋದವಳಲ್ಲ. ಹೋಗಿದ್ದರೂ ಕೇಳುವವರಿರಲಿಲ್ಲ ಬಿಡಿ, ಯಾಕೆಂದರೆ ಆ ಮಂಡಳಿಯಲ್ಲಿ ಇದ್ದದ್ದು ನಾನೊಬ್ಬಳೇ.

ನಗಬೇಡಿ. ಮಂಗಳೂರಿನ ಒಂದು ವಿಶ್ವವಿದ್ಯಾನಿಲಯದ ಕ್ಯಾಂಪಸ್ಸಿನಲ್ಲಿ ನಾನು ಇತಿಹಾಸ ವಿಭಾಗದ ಮುಖ್ಯಸ್ಥೆ. ಮಂಡಳಿಯ ಸದಸ್ಯರಾಗಲು ಖಾಯಂ ಅಧ್ಯಾಪಕರೇ ಆಗಬೇಕೆಂದು ನಿಯಮ. ಹಿರಿಯರೆಲ್ಲ ಒಬ್ಬೊಬ್ಬರಾಗಿ ಶಾಲು ಹೊದ್ದು, ಹಣ್ಣಿನ ಬುಟ್ಟಿ ಹಿಡಿದು ನಿವೃತ್ತರಾದರು. ಅವರ ಜಾಗಕ್ಕೆ ನೇಮಕಾತಿ ಆಗಲಿಲ್ಲ. ಪಾಠ ಮಾಡಲಿಕ್ಕೆ ಅತಿಥಿ ಉಪನ್ಯಾಸಕರು ಬಂದರು. ಹಾಗೆಂದು ಸಭೆ ಬಿಡುವಂತಿಲ್ಲ. ನನಗೆ ನಾನೇ ನೋಟಿಸು ಕಳಿಸಿ, ಬಾಗಿಲು ಹಾಕಿ ಕೂತು, ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸಿ, ಕೊನೆಗೆ ಅಧ್ಯಕ್ಷರಿಗೆ ವಂದನೆ ಅರ್ಪಿಸುತ್ತಿದ್ದೆ. ಎಲ್ಲ ನಿರ್ಣಯವೂ ಸರ್ವಾನುಮತ. ಪರೀಕ್ಷೆ ಮುಂದೂಡುವ ವಿಷಯದಲ್ಲಿ ಒಮ್ಮೆ ಮಾತ್ರ ಸಭೆಯಲ್ಲಿ ಎರಡು ಅಭಿಪ್ರಾಯ ಬಂತು. ಚಹಾ ಕುಡಿದು ರಾಜಿಯಾದೆ.

ಕಂಕನಾಡಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನನ್ನ ಗಂಡನಿಗೆ ಇದು ದೊಡ್ಡ ತಮಾಷೆ. "ಒಬ್ಬಳೇ ಮಾತಾಡ್ಲಿಕ್ಕೆ ಅಷ್ಟು ದೂರ ಯಾಕೆ ಹೋಗ್ತಿ ಮಾರಾಯ್ತಿ? ಇಲ್ಲೇ ಮಣ್ಣಗುಡ್ಡದ ಮನೆಯಲ್ಲಿ ಕೂತು ಮಾತಾಡು" ಎನ್ನುತ್ತಿದ್ದರು.

ತಮಾಷೆ ಹೌದು. ಆದರೆ ಬರುವ ಜೂನಿಗೆ ನನ್ನ ಶಾಲೂ ತಯಾರಾಗುತ್ತದೆ. ನಾನು ಎದ್ದು ಹೋದರೆ ಮಂಡಳಿ ಖಾಲಿ. ಮಂಡಳಿ ಇಲ್ಲದ ವಿಭಾಗಕ್ಕೆ ಹೊಸ ಮಕ್ಕಳ ಪ್ರವೇಶ ಇಲ್ಲ ಎಂದು ಆಡಳಿತ ಕಚೇರಿಯವರು ಮೊದಲೇ ಹೇಳಿಬಿಟ್ಟಿದ್ದರು. ಅಂದರೆ ಇತಿಹಾಸ ವಿಭಾಗಕ್ಕೆ ಬೀಗ. ನೆನೆದಾಗಲೆಲ್ಲ ಸಂಕಟವಾಗುತ್ತಿತ್ತು.

ನಾನು ಒಳಗೆ ಸಭೆ ನಡೆಸುವಾಗ ಅತಿಥಿ ಉಪನ್ಯಾಸಕರು ವರಾಂಡದಲ್ಲಿ ಕಾಯುತ್ತಿದ್ದರು. ಅವರಲ್ಲಿ ಹಿರಿಯಳು ಝೊಹರಾ. ಜೆಪ್ಪುವಿನವಳು, ಪಿಎಚ್‌.ಡಿ. ಮಾಡಿದವಳು, ಅಪ್ಪನಿಗೆ ಬಂದರಿನಲ್ಲಿ ದಿನಸಿ ವ್ಯಾಪಾರ. ಟೈಮ್‌ಟೇಬಲ್ ಹಾಕುವುದು, ಸಿಲೆಬಸ್ ಬರೆಯುವುದು ಅವಳು; ಅದನ್ನು ಮಂಡಳಿಯಲ್ಲಿ ಗಂಭೀರವಾಗಿ ಒಪ್ಪುವುದು ನಾನು. ಹೊರಗೆ ಬಂದರೆ, "ಎಂತ ಆಯ್ತು ಮೇಡಂ? ಪಾಸಾ?" ಎಂದು ಕೇಳುತ್ತಿದ್ದಳು.

"ಚರ್ಚೆ ಜೋರಿತ್ತು. ಆದ್ರೂ ಪಾಸ್" ಎನ್ನುತ್ತಿದ್ದೆ.

ನಮ್ಮಲ್ಲಿ ಕೆಲಸಕ್ಕಿಂತ ಕೆಲಸದ ಹೆಸರುಗಳೇ ಜಾಸ್ತಿ. ಖಾಯಂ, ತಾತ್ಕಾಲಿಕ, ಗುತ್ತಿಗೆ, ಅರೆಕಾಲಿಕ, ಅತಿಥಿ ಎಂದು ಕಚೇರಿಯವರು ನಮ್ಮನ್ನು ಅಂಗಡಿಯ ಮೊಳೆಗಳ ಹಾಗೆ ಬೇರೆ ಬೇರೆ ಡಬ್ಬಿಗೆ ಹಾಕಿದ್ದಾರೆ. ಮಕ್ಕಳಿಗೆ ಇದರ ಗೊಡವೆಯೇ ಇಲ್ಲ. ಪಾಠ ಅರ್ಥವಾಗದಿದ್ದರೆ ಝೊಹರಾ ಹತ್ತಿರ ಓಡುತ್ತಾರೆ, ಸಹಿ ಬೇಕಾದರೆ ನನ್ನ ಹತ್ತಿರ. ಈ ಖಾಯಂ ಎಂಬ ಪದ ಎಲ್ಲಿಂದ ಬಂತು ಮಾರಾಯ್ತಿ ಎಂದು ಒಮ್ಮೆ ಅವಳಲ್ಲಿ ಕೇಳಿದೆ. ಮದ್ರಸದಲ್ಲಿ ಅರಬಿ ಕಲಿತವಳು. "ಅರಬಿಯದ್ದು ಮೇಡಂ. ನಿಂತಿರುವವ ಅಂತ ಅರ್ಥ" ಎಂದಳು. ನಾನು ಆಗ ಕುರ್ಚಿಯಲ್ಲಿ ಆರಾಮಾಗಿ ಕೂತಿದ್ದೆ, ಅವಳು ಫೈಲು ಹಿಡಿದು ನಿಂತಿದ್ದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಬೀಗದ ವಿಷಯ ಅವಳಿಗೆ ಹೇಳಿದ ದಿನ ಮಾತ್ರ ನಗಲಿಲ್ಲ. "ನಮ್ಮದು ಹೇಗಾದ್ರೂ ಆಗ್ತದೆ ಮೇಡಂ. ಮಕ್ಕಳು ಎಲ್ಲಿಗೆ ಹೋಗ್ಲಿಕ್ಕೆ?" ಎಂದಳು.

ಮರುದಿನವೇ ತುರ್ತು ಸಭೆ ಕರೆದೆ. ನಾನು ಬಂದೆ. ಅರ್ಹತೆಯಿರುವ ಅತಿಥಿ ಉಪನ್ಯಾಸಕರಿಗೆ ಮಂಡಳಿಯಲ್ಲಿ ಸ್ಥಾನವೂ ಮತವೂ ಸಿಗಬೇಕು, ನನ್ನ ನಂತರ ಅವರಲ್ಲೊಬ್ಬರು ಸಂಯೋಜಕರಾಗಿ ವಿಭಾಗ ನಡೆಸಬೇಕು ಎಂದು ನಿರ್ಣಯಿಸಿ ಕಳಿಸಿದೆ. ಆಡಳಿತ ಕಚೇರಿಯಿಂದ ಅದು ಒಂದು ಪ್ರಶ್ನೆ ಹೊತ್ತು ವಾಪಸು ಬಂತು: ಸೂಚಿಸಿದವರು ನೀವೇ, ಅನುಮೋದಿಸಿದವರು ಯಾರು? ನೋಡಿ, ಇಷ್ಟು ವರ್ಷ ಯಾರಿಗೂ ಹೊಳೆಯದ ಪ್ರಶ್ನೆ ಆಗಲೇ ಹೊಳೆಯಬೇಕೆ! ಸಿಟ್ಟು ನೆತ್ತಿಗೇರಿತು.

ಎಲ್ಲ ವಿಭಾಗಗಳ ಮುಖ್ಯಸ್ಥರೂ ಕೂರುವ ವಿದ್ಯಾವಿಷಯಕ ಪರಿಷತ್ತಿನಲ್ಲಿ ಎದ್ದು ನಿಂತೆ. ಬೈಯಬೇಕೆಂದೇ ಹೋಗಿದ್ದೆ, ಆದರೆ ಬಾಯಿಗೆ ಬಂದದ್ದು ಬೇರೆ. "ನನಗೆ ಒಬ್ಬ ಅನುಮೋದಕರು ಬೇಕು" ಎಂದಷ್ಟೇ ಹೇಳಿ ಕೂತೆ. ತತ್ವಶಾಸ್ತ್ರದ ಮುಖ್ಯಸ್ಥರು ಮೆಲ್ಲ ಕೈ ಎತ್ತಿದರು. "ನಾನು ಅನುಮೋದಿಸ್ತೇನೆ. ನಮ್ಮಲ್ಲಿಯೂ ನಾನೊಬ್ಬನೇ ಮಾರಾಯ್ರೆ. ನಾಚಿಕೆ ಆಗಿ ಯಾರಿಗೂ ಹೇಳಿರ್ಲಿಲ್ಲ." ಅವರ ಹಿಂದೆ ಇನ್ನೊಂದು ಕೈ, ಮತ್ತೊಂದು ಕೈ. ಬಾಗಿಲು ಹಾಕಿಕೊಂಡು ತಮಗೆ ತಾವೇ ವಂದನೆ ಹೇಳಿಕೊಳ್ಳುತ್ತಿದ್ದವರು ಆ ಸಭಾಂಗಣದಲ್ಲಿ ಎಷ್ಟು ಜನ ಇದ್ದರೆಂದು ಆವತ್ತೇ ಗೊತ್ತಾದದ್ದು. ನಿರ್ಣಯ ಪಾಸಾಯಿತು. ಜೂನಿನಿಂದ ಝೊಹರಾ ಸಂಯೋಜಕಿ. ಅವಳು ಅತಿಥಿ ಎಂಬ ಡಬ್ಬಿಯಿಂದ ಹೊರಗೆ ಬಂದಿಲ್ಲ, ನಿಜ. ಅದಕ್ಕೆ ಬೇರೆಯೇ ಗುದ್ದಾಟ ಉಂಟು. ವಿಭಾಗವಂತೂ ಉಳಿಯಿತು.

ಕಳೆದ ವಾರ ಹೊಸ ಮಂಡಳಿಯ ಮೊದಲ ಸಭೆ. ಕುರ್ಚಿ ಸಾಲದೆ ಪಕ್ಕದ ಕ್ಲಾಸಿನಿಂದ ತರಿಸಿದೆವು. ಯುರೋಪಿನ ಇತಿಹಾಸ ನಾನು ಬದುಕಿಡೀ ಪ್ರೀತಿಯಿಂದ ಕಲಿಸಿದ ಪತ್ರಿಕೆ. ಅದು ಹೊಸ ಸಿಲೆಬಸ್ಸಿನಲ್ಲಿಯೂ ಕಡ್ಡಾಯವಾಗಿರಲಿ ಎಂದು ಸೂಚಿಸಿ, ಅಭ್ಯಾಸಬಲದಿಂದ "ಸರ್ವಾನುಮತ" ಎಂದು ಬರೆಯತೊಡಗಿದೆ.

"ಮೇಡಂ, ಬೇಜಾರು ಮಾಡ್ಬೇಡಿ" ಎಂದಳು ಝೊಹರಾ. "ಇಲ್ಲೇ ಕೆಳಗೆ ಹಳೇ ಬಂದರು ಉಂಟು. ಮಕ್ಕಳಿಗೆ ಅದರ ವಿಷಯ ಒಂದಕ್ಷರ ಗೊತ್ತಿಲ್ಲ. ನಿಮ್ಮದು ಐಚ್ಛಿಕ ಇರ್ಲಿ, ಬಂದರುಗಳ ಇತಿಹಾಸ ಕಡ್ಡಾಯ ಮಾಡುವ."

ನಾನು ವಾದಿಸಿದೆ. ಅವಳೂ ಬಿಡಲಿಲ್ಲ. ಉಳಿದವರೂ ಸೇರಿಕೊಂಡರು. ಚಹಾ ಆರಿಹೋಯಿತು. ಕೈ ಎತ್ತುವಾಗ ನನ್ನ ಕಡೆ ಎತ್ತಿದ ಕೈ ನನ್ನದೊಂದೇ.

ಮನೆಗೆ ಬಂದು ಗಂಡನಿಗೆ ಹೇಳಿದೆ, "ಇವತ್ತು ಸಭೆಯಲ್ಲಿ ಸೋತೆ."

"ಸೋತವಳು ಹೀಗೆ ನಗುವುದಾ?" ಎಂದರು.

"ಜೂನಿನ ನಂತರ ನಾನಿಲ್ಲದಿದ್ದರೂ ಅಲ್ಲಿ ಜಗಳ ನಡೀತದೆ" ಎಂದೆ.